ಮಾತು ಮರೆತವರನ್ನು ತಿದ್ದಬೇಡಿ, ಆಲಿಸಿ

ಮಗ್ರಿಬ್ ನಮಾಝಿನಲ್ಲಿ ಕಡ್ಡಾಯವಾದದ್ದು ಮೂರು ರಕಅತ್. ಇದು ನನ್ನ ಮದ್ರಸದ ಏಳು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಒಂದು ಸಂಜೆ ನನ್ನ ತಾಯಿಯವರು ನಾಲ್ಕನೆಯ ರಕಅತ್‌ಗೆ ಎದ್ದು ನಿಂತರು. ಸಲಾಮ್ ಹೇಳಿ ಮುಗಿಸಿದ ಮೇಲೆ ನಾನು, "ಅಮ್ಮಿ, ನಾಲ್ಕಾಯಿತು. ಇನ್ನೊಮ್ಮೆ ಮಾಡಿಬಿಡಿ" ಎಂದೆ. ಅವರು ಮರುಮಾತಾಡದೆ ಇನ್ನೊಮ್ಮೆ ನಿಂತರು. ಮರುದಿನ ಎರಡಕ್ಕೇ ಕುಳಿತರು. ಮತ್ತೆ ತಿದ್ದಿದೆ. ಹೀಗೆ ಒಂದು ವಾರ ನಡೆಯಿತು. ಆಮೇಲೆ ಅವರು ನನ್ನ ಎದುರಿನಲ್ಲಿ ಜಾನಮಾಝ್ ಹಾಸುವುದನ್ನೇ ನಿಲ್ಲಿಸಿದರು. ಇಷ್ಟು ವರ್ಷ ಒಂದು ಹೊತ್ತೂ ಬಿಡದವರು ಈ ಇಳಿವಯಸ್ಸಿನಲ್ಲಿ ಉದಾಸೀನರಾದರೇ ಎಂದು ನಾನು ಮನಸ್ಸಿನಲ್ಲೇ ನೊಂದುಕೊಂಡೆ.

ಅದು ಉದಾಸೀನವಲ್ಲ, ಕಾಯಿಲೆ ಎಂದು ನನಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಅವರು ಜಾನಮಾಝ್ ಹಾಸದೇ ಇದ್ದದ್ದು ಅಲ್ಲಾಹನ ಆರಾಧನೆಯಲ್ಲಿ ಅಸಡ್ಡೆ ಹುಟ್ಟಿದ್ದರಿಂದಲ್ಲ, ಮಗನ ಮುಂದೆ ಪ್ರತಿ ಸಂಜೆ ಪರೀಕ್ಷೆಗೆ ಕುಳಿತು ಸೋಲುವ ನಾಚಿಕೆಯಿಂದ. ಇಪ್ಪತ್ತು ವರ್ಷಗಳಿಂದ ಮಕ್ಕಳ ಉಚ್ಚಾರವನ್ನು ತಿದ್ದುತ್ತಾ ಬಂದ ನನಗೆ, ತಿದ್ದುವುದೇ ತಪ್ಪಾಗುವ ಒಂದು ಸ್ಥಿತಿಯೂ ಇದೆ ಎಂಬುದನ್ನು ಯಾವ ಪಾಠಶಾಲೆಯೂ ಕಲಿಸಿರಲಿಲ್ಲ. ಆ ಪಾಠವನ್ನು ಈಗ ಓದುಗರ ಮುಂದೆ ಇಡುತ್ತಿರುವುದು, ಇನ್ನೊಂದು ಮನೆಯಲ್ಲಿ ಇನ್ನೊಬ್ಬ ತಾಯಿ ಹೀಗೆ ಜಾನಮಾಝ್ ಮಡಚಿಡದಿರಲಿ ಎಂಬ ಆಸೆಯಿಂದ.

ನಮ್ಮದು ದಖನಿ ಮಾತನಾಡುವ ಮನೆ. ಅಮ್ಮಿ ಮದುವೆಯಾಗಿ ಬಂದ ಮೇಲೆ ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ ಕನ್ನಡ ಕಲಿತವರು. ತರಕಾರಿಯವನೊಡನೆ ಚೌಕಾಸಿ ಮಾಡುವಾಗ ಅವರ ಕನ್ನಡ ಕೇಳಿದರೆ, ಕನ್ನಡದಲ್ಲಿ ಬಿ.ಎ. ಮಾಡಿದ ನನಗೂ ಅಸೂಯೆಯಾಗಬೇಕು, ಅಷ್ಟು ಚುರುಕು. ಮೊದಲು ಜಾರಿಹೋದದ್ದು ಆ ಕನ್ನಡವೇ. ಇಪ್ಪತ್ತು ವರ್ಷಗಳಿಂದ ಮನೆಬಾಗಿಲಿಗೆ ಬರುತ್ತಿದ್ದ ತರಕಾರಿಯವನು ಒಂದು ದಿನ ಬೆಲೆ ಹೇಳಿದಾಗ ಅವರು ಸುಮ್ಮನೆ ಅವನ ಮುಖ ನೋಡುತ್ತಾ ನಿಂತರು. "ಏನಮ್ಮಾ, ನನ್ನ ಮೇಲೆ ಕೋಪವೇ?" ಎಂದು ಅವನು ನಕ್ಕ. ನಾವೂ ನಕ್ಕೆವು. ನಂತರ ಲೋಟಕ್ಕೆ 'ಅದು, ನೀರು ಕುಡಿಯುವುದು' ಎಂದರು, ಬೀಗದ ಕೈಗೆ 'ಬಾಗಿಲಿನದು' ಎಂದರು. ಮೊಮ್ಮಗನನ್ನು ತಮ್ಮ ಸೋದರನ ಹೆಸರಿನಿಂದ ಕರೆದರು. ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಆರು ಸಲ ಕೇಳಿದರು. ಬಂಧುಗಳಲ್ಲಿ ಕೆಲವರು ದೃಷ್ಟಿ ತಾಗಿದೆ ಎಂದರು. ಉಳಿದವರು, "ಅರವತ್ತಕ್ಕೆ ಅರಳುಮರಳು, ವಯಸ್ಸಾದ ಮೇಲೆ ಇದ್ದದ್ದೇ" ಎಂದರು.

ಈ ಗಾದೆಯಿಂದ ಆಗಿರುವ ಹಾನಿ ಅಲ್ಪವಲ್ಲ. ಅದು ಕಾಯಿಲೆಯನ್ನು ವಯಸ್ಸಿನ ಸಹಜ ಗುಣವೆಂದು ನಂಬಿಸಿ ನಮ್ಮನ್ನು ವೈದ್ಯರ ಬಳಿ ಹೋಗದಂತೆ ತಡೆಯುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು, ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು ಅಂದಾಜಿಸಿತು. ಸಂಖ್ಯೆ ದೊಡ್ಡದು, ನಿಜ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಅರವತ್ತು ದಾಟಿದ ನೂರು ಮಂದಿಯಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇಲ್ಲ. ಹಾಗಾದರೆ ಅದು ವೃದ್ಧಾಪ್ಯದ ಸಹಜ ಧರ್ಮ ಹೇಗಾದೀತು?

ಡಿಮೆನ್ಶಿಯಾ ಎಂಬುದು ಒಂದೇ ರೋಗದ ಹೆಸರಲ್ಲ, ಮೆದುಳಿಗೆ ಆಗುವ ಹಲವು ಬಗೆಯ ಹಾನಿಗಳಿಂದ ನೆನಪು, ಮಾತು, ವಿವೇಚನೆಗಳು ಕುಗ್ಗುವ ಸ್ಥಿತಿ. ಅದಕ್ಕೆ ಕಾರಣಗಳಲ್ಲಿ ಅತಿ ಸಾಮಾನ್ಯವಾದುದು ಅಲ್ಝೈಮರ್ ಕಾಯಿಲೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತರಲಾಯಿತು. ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಆಕೆಗೆ ಪೆನ್ಸಿಲು, ಬೀಗದ ಕೈ ಮುಂತಾದವುಗಳನ್ನು ತೋರಿಸಿದರು. ಆಕೆ ಹೆಸರುಗಳನ್ನು ಸರಿಯಾಗಿ ಹೇಳಿದರು. ಸ್ವಲ್ಪ ಹೊತ್ತಿನ ಬಳಿಕ ಏನೇನು ತೋರಿಸಿದೆನೆಂದು ಕೇಳಿದರೆ ನೆನಪಿರಲಿಲ್ಲ. ಪತಿಯ ಹೆಸರು ಕೇಳಿದಾಗ ತಮ್ಮದೇ ಹೆಸರು ಹೇಳಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಝೈಮರ್ ಆಕೆಯ ಮೆದುಳನ್ನು ಪರೀಕ್ಷಿಸಿ, ಅದು ಕುಗ್ಗಿರುವುದನ್ನೂ ಅದರಲ್ಲಿ ಅಸಹಜ ಗಂಟುಗಳೂ ಕಲೆಗಳೂ ಇರುವುದನ್ನೂ ಕಂಡರು. ಅಂದರೆ ನಮ್ಮ ತಾಯಂದಿರು ಪದಕ್ಕಾಗಿ ತಡಕಾಡುವಾಗ ಅವರ ಸ್ವಭಾವ ಕೆಟ್ಟಿರುವುದಿಲ್ಲ. ಪದ ಇರುವ ಕೋಣೆಗೆ ಹೋಗುವ ದಾರಿ ಕುಸಿದಿರುತ್ತದೆ.

ಇದರೊಡನೆ ಸೇರಿಸಿ ನೋಡಬಾರದ ಇನ್ನೊಂದು ಸ್ಥಿತಿಯಿದೆ. ಲಕ್ವ ಹೊಡೆದ ಅನೇಕರಿಗೆ ಮಾತು ಹೋಗುತ್ತದೆ. ವೈದ್ಯರು ಅದನ್ನು ಅಫೇಸಿಯಾ ಎನ್ನುತ್ತಾರೆ. ಅವರಲ್ಲಿ ಕೆಲವರಿಗೆ ಇತರರ ಮಾತು ಗ್ರಹಿಸುವುದೂ ಕಷ್ಟವಾಗುತ್ತದೆ. ಆದರೆ ಹಲವರಿಗೆ ಬುದ್ಧಿ, ನೆನಪು, ಸಂಬಂಧಗಳ ಅರಿವು ಎಲ್ಲವೂ ಇರುತ್ತದೆ, ನಾಲಗೆಗೆ ಪದ ಮಾತ್ರ ಬರುವುದಿಲ್ಲ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಅವರು ಲೆಬೋರ್ನ್ ಎಂಬ ರೋಗಿಯನ್ನು ಪರೀಕ್ಷಿಸಿದರು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು 'ತಾನ್' ಎಂಬ ಒಂದೇ ಸದ್ದು. ಆದರೆ ಆಸ್ಪತ್ರೆಯಲ್ಲಿ ಎಷ್ಟು ವರ್ಷಗಳಿಂದ ಇದ್ದೀಯೆ ಎಂದು ಕೇಳಿದಾಗ ಅವನು ಅಂಗೈಯನ್ನು ನಾಲ್ಕು ಸಲ ಬಿಚ್ಚಿ, ಕೊನೆಗೆ ಒಂದು ಬೆರಳು ತೋರಿಸಿದ. ಇಪ್ಪತ್ತೊಂದು! ಉತ್ತರ ಸರಿಯಾಗಿತ್ತು. ಲಕ್ವ ಹೊಡೆದ ಹಿರಿಯರ ಹಾಸಿಗೆಯ ಪಕ್ಕದಲ್ಲೇ ಕುಳಿತು, ಅವರಿಗೆ ಕೇಳಿಸುವುದೇ ಇಲ್ಲವೆಂಬಂತೆ ಅವರ ಚಿಕಿತ್ಸೆಯ ಖರ್ಚನ್ನೂ ಆಸ್ತಿಯ ಪಾಲನ್ನೂ ಚರ್ಚಿಸುವವರು ಆ ಬೆರಳುಗಳನ್ನು ನೆನಪಿಡಬೇಕು.

ಡಿಮೆನ್ಶಿಯಾ ಆಗಲಿ ಅಫೇಸಿಯಾ ಆಗಲಿ, ನನ್ನ ವಾದ ಇಷ್ಟೇ: ಮಾತು ಕುಗ್ಗಿದವರೊಡನೆ ಸಂವಾದ ನಡೆಸುವ ಹೊಣೆ ಅವರಿಂದ ನಮಗೆ ವರ್ಗಾವಣೆಯಾಗುತ್ತದೆ. ಅವರು ನಮ್ಮ ಭಾಷೆಗೆ ಏರಿಬರಲಾರರು. ನಾವೇ ಅವರ ಬಳಿಗೆ ಇಳಿದುಹೋಗಬೇಕು.

ಇದು ನನ್ನ ಹೊಸ ಆವಿಷ್ಕಾರವಲ್ಲ, ನಮ್ಮ ಧರ್ಮದ ಪರಂಪರೆಯಲ್ಲೇ ಇದೆ. ಪ್ರವಾದಿ ಝಕರಿಯ್ಯಾ(ಅ)ರಿಗೆ ಪುತ್ರನ ಸುವಾರ್ತೆ ದೊರೆತಾಗ ಅದರ ನಿಶಾನಿಯಾಗಿ ಮೂರು ದಿನ ಜನರೊಡನೆ ಮಾತನಾಡಲಾಗದ ಸ್ಥಿತಿ ಬಂತೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರು ತಮ್ಮ ಜನರಿಗೆ ಸಂಜ್ಞೆಯಿಂದಲೇ ಸಂದೇಶ ನೀಡಿದರು. ಪ್ರವಾದಿ ಮೂಸಾ(ಅ) ತಮ್ಮ ನಾಲಗೆಯ ಗಂಟನ್ನು ಬಿಡಿಸುವಂತೆ ಪ್ರಾರ್ಥಿಸಿದರು. ತಮಗಿಂತ ಸ್ಪಷ್ಟವಾಗಿ ಮಾತನಾಡಬಲ್ಲ ಸೋದರ ಹಾರೂನ್(ಅ)ರನ್ನು ಜೊತೆಗಾರರಾಗಿ ಬೇಡಿದರು. ಅಲ್ಲಾಹನು ಆ ಬೇಡಿಕೆಯನ್ನು ಈಡೇರಿಸಿದನು. ಮಾತಿನಲ್ಲಿ ತೊಡಕಿದ್ದವರಿಗೆ ಪ್ರವಾದಿತ್ವದ ಗೌರವ ತಪ್ಪಲಿಲ್ಲ, ಬದಲಿಗೆ ಒಬ್ಬ ಹಾರೂನ್ ದೊರೆತರು. ನಮ್ಮ ಮನೆಯ ಹಿರಿಯರಿಗೂ ಬೇಕಾಗಿರುವುದು ತಿದ್ದುವ ಉಸ್ತಾದನಲ್ಲ, ಒಬ್ಬ ಹಾರೂನ್.

ನಮ್ಮ ಕರ್ಮಶಾಸ್ತ್ರವೂ ಇದನ್ನು ಗುರುತಿಸಿದೆ. ಮೂಕರ ಪರಿಚಿತ ಸಂಜ್ಞೆಯು ನಾಲಗೆಯ ಮಾತಿಗೆ ಸಮಾನವೆಂಬುದು ಪ್ರಸಿದ್ಧವಾದ ಫಿಕ್ಹ್ ನಿಯಮ. 1869ರಿಂದ 1876ರ ನಡುವೆ ಉಸ್ಮಾನಿ ಆಡಳಿತ ಸಿದ್ಧಪಡಿಸಿದ 'ಮಜಲ್ಲಾ' ಕಾನೂನು ಸಂಹಿತೆಯಲ್ಲಿ ಅದು 70ನೆಯ ವಿಧಿಯಾಗಿ ಸೇರಿದೆ. ಇನ್ನು ನಮಾಝಿನ ಮಾತು. ರೋಗದಿಂದ ರಕಅತ್‌ಗಳ, ಸಜ್ದಾಗಳ ಲೆಕ್ಕವೇ ಗೊಂದಲವಾಗುವ ರೋಗಿಗೆ ಆ ನಮಾಝ್ ನಿರ್ವಹಿಸುವುದು ಕಡ್ಡಾಯವಲ್ಲವೆಂದೂ, ಪಕ್ಕದಲ್ಲಿರುವವರು ನೆನಪಿಸುತ್ತಾ ಹೋದಂತೆ ಆತ ನಿರ್ವಹಿಸಿದರೆ ಅದು ಸಾಕಾದೀತೆಂದೂ ಹನಫೀ ಫಿಕ್ಹ್ ಗ್ರಂಥಗಳಲ್ಲಿ ಹೇಳಲಾಗಿದೆ. ಇದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ್ದೆ. ಅಮ್ಮಿಯ ಪಕ್ಕದಲ್ಲಿ ನಿಂತಾಗ ಮಾತ್ರ ನೆನಪಿಗೆ ಬರಲಿಲ್ಲ. ಮರೆವು ಯಾರದ್ದಾಗಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ. ಇಂಥ ಸಂದರ್ಭ ಬಂದವರು ತಮ್ಮ ಊರಿನ ವಿದ್ವಾಂಸರನ್ನು ಕೇಳಿ ಮುಂದುವರಿಯಲಿ, ಹಿರಿಯರನ್ನು ಗದರಿಸಿ ಮುಂದುವರಿಯದಿರಲಿ.

ಈಗ ಇನ್ನೂ ಕಹಿಯಾದ ವಿಷಯಕ್ಕೆ ಬರುತ್ತೇನೆ. ಒಂದು ದಿನ ಅಮ್ಮಿ ತಮ್ಮ ಚಿನ್ನದ ಬಳೆಗಳನ್ನು ನನ್ನ ಪತ್ನಿ ಕದ್ದಳೆಂದರು. ಮನೆಗೆ ಬಂದವರ ಮುಂದೆಲ್ಲ ಅದನ್ನೇ ಹೇಳಿದರು. ವಾರದೊಳಗೆ ಬಂಧುಗಳಿಬ್ಬರು 'ವಿಚಾರಿಸಲು' ಬಂದರು. ಹದಿನೈದು ವರ್ಷ ಆ ಮನೆಗಾಗಿ ದುಡಿದಿದ್ದ ಹೆಣ್ಣು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾನು ತಾಯಿಯ ಮಾತಿಗೆ ಎದುರಾಡಬಾರದೆಂಬ ನೆಪದಲ್ಲಿ ಮೌನವಾಗಿದ್ದೆ. ಅದು ವಿಧೇಯತೆಯಾಗಿರಲಿಲ್ಲ, ಹೇಡಿತನವಾಗಿತ್ತು. ಬಳೆಗಳು ಅಕ್ಕಿಯ ಡಬ್ಬದ ತಳದಲ್ಲಿ ಸಿಕ್ಕವು. ಅಮ್ಮಿಯೇ ಜೋಪಾನವಾಗಿರಲೆಂದು ಇಟ್ಟು ಮರೆತಿದ್ದರು. ಇಟ್ಟ ನೆನಪು ಅಳಿದುಹೋದಾಗ, ವಸ್ತು ಕಾಣೆಯಾದದ್ದಕ್ಕೆ ಮನಸ್ಸು ತಾನೇ ಒಂದು ಕಾರಣ ಕಟ್ಟುತ್ತದೆ. ಹತ್ತಿರದಲ್ಲಿ ಇರುವವರೇ ಕಳ್ಳರಾಗುತ್ತಾರೆ. ಕಳವಿನ ಸಂಶಯ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣವೆಂದು ವೈದ್ಯರು ಆಮೇಲೆ ವಿವರಿಸಿದರು.

ನಮ್ಮ ಸಮಾಜದ ವಿಚಿತ್ರವನ್ನು ಗಮನಿಸಿ. ಅದೇ ತಾಯಿ ಹೊಟ್ಟೆ ನೋವೆಂದು ನರಳಿದರೆ, "ಅರಳುಮರಳು, ಬಿಡಿ" ಎನ್ನುತ್ತೇವೆ. ಸೊಸೆಯನ್ನು ದೂರಿದರೆ, "ಹಿರಿಯರು ಸುಳ್ಳು ಹೇಳುವರೇ?" ಎನ್ನುತ್ತೇವೆ. ಆಸ್ತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ, "ಅವರಿಗೆ ಎಲ್ಲ ತಿಳಿಯುತ್ತದೆ" ಎನ್ನುತ್ತೇವೆ. ನಮಗೆ ಅನುಕೂಲವಾದಾಗ ಅವರಿಗೆ ಬುದ್ಧಿಯಿದೆ, ಅನುಕೂಲವಾಗದಾಗ ಇಲ್ಲ. ಇದು ಅನ್ಯಾಯ. ಮಲಗಿದವನು ಎಚ್ಚರಗೊಳ್ಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಕಳೆದುಕೊಂಡವನು ಮರಳಿ ಪಡೆಯುವ ತನಕ ಅವರ ಮೇಲಿಂದ ಲೇಖನಿ ಎತ್ತಲ್ಪಟ್ಟಿದೆ ಎಂಬ ಪ್ರವಾದಿವಚನದ ಆಶಯ ನಮಗೆ ಗೊತ್ತಿದೆ. ಅಲ್ಲಾಹನೇ ಲೆಕ್ಕವಿಡದ ಮಾತನ್ನು ನೆರೆಹೊರೆಯವರು ಲೆಕ್ಕವಿಟ್ಟು ಒಂದು ಸಂಸಾರ ಒಡೆಯಬಹುದೇ? ಬುದ್ಧಿ ಮಸುಕಾದವರ ಹೆಬ್ಬೆಟ್ಟಿನಿಂದ ಪಡೆದ ಜಮೀನನ್ನು ಹಲಾಲ್ ಎಂದು ಉಣ್ಣಬಹುದೇ? ಮಸೀದಿಯ ಆಡಳಿತ ಸಮಿತಿಗಳ ಮುಂದೆ ಇಂಥ ದೂರುಗಳು ಬರುತ್ತವೆ. ಹಿರಿಯರ ಆರೋಪವನ್ನು ಕೇಳುವ ಮೊದಲು, ಅವರನ್ನು ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳುವ ರೂಢಿ ಬರಲಿ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ತಾಯಿತಂದೆಯರ ಸೇವೆಯ ಆಜ್ಞೆ ಮಕ್ಕಳಿಗೆ ಬಂದಿದೆ. ಇಳಿವಯಸ್ಸಿನಲ್ಲಿ ಅವರಿಗೆ 'ಛೆ' ಎಂದು ಸಹ ಅನ್ನಬಾರದೆಂಬ ಕುರ್‌ಆನಿನ ಬೋಧನೆ (17:23) ಮೊದಲು ಮಗನ ಕಿವಿಗೆ ಬೀಳಬೇಕು. ಆದರೆ ನಮ್ಮ ಮನೆಗಳಲ್ಲಿ ಮಗ ಆ ವಚನದ ಮೇಲೆ ಪ್ರವಚನ ಮಾಡುತ್ತಾನೆ, ಸೊಸೆ ಹಾಸಿಗೆ ಒಗೆಯುತ್ತಾಳೆ. ಅತ್ತೆಯ ಸೇವೆ ಸೊಸೆಯ ಔದಾರ್ಯ, ಮಗನ ಪಾಲಿಗೆ ಅದು ಕರ್ತವ್ಯ. ರಾತ್ರಿ ಮೂರು ಗಂಟೆಗೆ ಎದ್ದು ಬಾಗಿಲು ತೆರೆದು 'ಮನೆಗೆ ಹೋಗಬೇಕು' ಎನ್ನುವ ತಾಯಿಯನ್ನು ಸಂಭಾಳಿಸುವ ಸರದಿ ಗಂಡುಮಕ್ಕಳಿಗೂ ಬರಬೇಕು.

ದಿನನಿತ್ಯದಲ್ಲಿ ನಾವು ಕಲಿತದ್ದು ಕೆಲವು ಸಣ್ಣ ಸಂಗತಿಗಳು. ಹಿಂದಿನಿಂದ ಕೂಗಿ ಕರೆಯದೆ ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕುಳಿತು ಮಾತನಾಡಬೇಕು. ಟಿವಿ ಆರಿಸಬೇಕು. ಒಂದು ಸಲಕ್ಕೆ ಒಂದೇ ಚಿಕ್ಕ ಮಾತು. "ಊಟಕ್ಕೆ ಏನು ಬೇಕು?" ಎನ್ನುವ ಬದಲು ಅನ್ನ, ರೊಟ್ಟಿ ಎರಡನ್ನೂ ಮುಂದಿಟ್ಟು "ಇದೋ, ಅದೋ?" ಎನ್ನಬೇಕು. ಪದ ಸಿಗದೆ ತಡಕಾಡುವಾಗ ಕೂಡಲೇ ನಾವೇ ವಾಕ್ಯ ಮುಗಿಸದೆ ಕಾಯಬೇಕು. ಬಂದವರೆಲ್ಲ "ನಾನು ಯಾರು ಹೇಳಿ ನೋಡೋಣ?" ಎಂದು ಪರೀಕ್ಷೆ ಇಡುವುದನ್ನು ತಡೆಯಬೇಕು. ಸಲಾಮ್ ಹೇಳಿ, "ನಾನು ನಿಮ್ಮ ತಂಗಿಯ ಮಗ" ಎಂದು ತಾವೇ ಪರಿಚಯ ಹೇಳಿಕೊಂಡರೆ ಅವರ ಮಾನ ಉಳಿಯುತ್ತದೆ. ಒಬ್ಬರೇ ಹೊರಗೆ ಹೋಗುವ ಅಭ್ಯಾಸವಿದ್ದವರ ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇರಬೇಕು.

"ಅಬ್ಬಾ ಯಾವಾಗ ಬರುತ್ತಾರೆ?" ಎಂದು ಅಮ್ಮಿ ಕೇಳುತ್ತಿದ್ದರು. ತಂದೆಯವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಸತ್ಯ ಹೇಳಬೇಕೆಂದು ನಾನು ಸತ್ಯವನ್ನೇ ಹೇಳಿದೆ. ಅವರು ಅದೇ ಗಳಿಗೆಯಲ್ಲಿ ವಿಧವೆಯಾದವರಂತೆ ಅತ್ತರು. ಅರ್ಧ ಗಂಟೆಯ ಬಳಿಕ ಮರೆತು ಮತ್ತೆ ಕೇಳಿದರು. ಒಂದೇ ದಿನ ನಾಲ್ಕು ಸಲ ನಾನು ಅವರನ್ನು ವಿಧವೆಯಾಗಿಸಿದೆ. ಸುಳ್ಳು ಹೇಳುವುದೂ ಸರಿಯಲ್ಲ, ಸತ್ಯವೂ ಹಿಂಸೆ. ದಾರಿ ತೋರಿಸಿದವಳು ನನ್ನ ಪತ್ನಿ. ಅವಳು ಪಕ್ಕದಲ್ಲಿ ಕುಳಿತು, "ಅಮ್ಮಿ, ಅಬ್ಬಾಗೆ ನಿಮ್ಮ ಕೈಯ ಯಾವ ಅಡುಗೆ ಇಷ್ಟವಿತ್ತು?" ಎಂದು ದಖನಿಯಲ್ಲಿ ಕೇಳಿದಳು. ಅಮ್ಮಿಯ ಮುಖ ಅರಳಿತು. ಅರ್ಧರ್ಧ ಪದಗಳಲ್ಲಿ ಖಟ್ಟಿ ದಾಲ್‌ನ ವಿಷಯ ಹೇಳತೊಡಗಿದರು. ಅಲ್ಲಿ ಸುಳ್ಳೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಮಾಹಿತಿಯಲ್ಲ, ಅಬ್ಬಾರ ಸಾನ್ನಿಧ್ಯ.

'ದಖನಿಯಲ್ಲಿ' ಎಂದೆನಲ್ಲ, ಅದು ಮುಖ್ಯ. ಎರಡು ಮೂರು ಭಾಷೆ ಬಲ್ಲವರಲ್ಲಿ ಆಮೇಲೆ ಕಲಿತದ್ದು ಮೊದಲು ಮಸುಕಾಗಿ, ಎಳೆತನದ ಭಾಷೆ ಹೆಚ್ಚು ಕಾಲ ಉಳಿಯುವುದು ಹಲವರಲ್ಲಿ ಕಾಣುತ್ತದೆ. ಎಲ್ಲರಲ್ಲೂ ಹೀಗೆಯೇ ಆಗುವುದಿಲ್ಲ, ನಮ್ಮ ಮನೆಯಲ್ಲಿ ಆಯಿತು. ಕೊನೆಕೊನೆಗೆ ಅಮ್ಮಿಗೆ ಉಳಿದದ್ದು 'ಪಾನಿ', 'ಹೌ', 'ನಕ್ಕೊ' ಮುಂತಾದ ಕೆಲವೇ ಪದಗಳು. ಆಂಗ್ಲ ಮಾಧ್ಯಮದಲ್ಲಿ ಓದುವ ನನ್ನ ಮಗನಿಗೆ ದಖನಿ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅಜ್ಜಿಗಾಗಿ ಅವನು ಕಲಿತ. ಮಂಗಳೂರಿನ ಕಡೆಯ ಬ್ಯಾರಿ ಮನೆಗಳಲ್ಲೂ, ಭಟ್ಕಳದ ನವಾಯತಿ ಮನೆಗಳಲ್ಲೂ ಇದೇ ಪ್ರಶ್ನೆ ಕಾದಿದೆ. ಮನೆಮಾತನ್ನು ಮಕ್ಕಳಿಗೆ ಕೊಡದಿದ್ದರೆ, ನಾಳೆ ಹಿರಿಯರು ತಮ್ಮ ಎಳೆತನದ ಭಾಷೆಗೆ ಹಿಂದಿರುಗಿದಾಗ ಅಲ್ಲಿ ಅವರಿಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಬಹುಭಾಷೆಯಿಂದ ಇನ್ನೊಂದು ಲಾಭವೂ ಇರಬಹುದು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು.

ವೈದ್ಯರ ಬಳಿ ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಔಷಧಿಗಳ ಅಡ್ಡಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆಯಿದೆ. ಕಿವಿ ಕೇಳಿಸದವರನ್ನು ನಾವು ಬುದ್ಧಿ ಕುಗ್ಗಿದವರೆಂದು ತಿಳಿಯುವುದೂ ಉಂಟು. ಒಂದೆರಡು ದಿನಗಳಲ್ಲೇ ಗೊಂದಲ ಉಲ್ಬಣಿಸಿದರೆ ಸೋಂಕಿರಬಹುದು, ಹಠಾತ್ತನೆ ಮಾತು ತೊದಲಿದರೆ ಅದು ಲಕ್ವದ ಲಕ್ಷಣ. ಆಗ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗಳ ತಪಾಸಣೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಕಳೆದುಕೊಂಡವರಿಗೆ ಸ್ಪೀಚ್ ಥೆರಪಿ ದೊರೆಯುತ್ತದೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿಯೂ ಮಾರ್ಗದರ್ಶನ ಪಡೆಯಬಹುದು. ರುಖ್ಯಾ, ದುಆ ಮಾಡುವವರು ಮಾಡಲಿ, ಅದು ಆಸ್ಪತ್ರೆಯ ದಾರಿಗೆ ಅಡ್ಡವಾಗಬೇಕಿಲ್ಲ.

ಜ್ಞಾನವಿದ್ದ ಮೇಲೆ ಏನನ್ನೂ ಅರಿಯದ ಸ್ಥಿತಿಗೆ ಕೆಲವರು ಮರಳಿಸಲ್ಪಡುತ್ತಾರೆಂದು ಕುರ್‌ಆನ್ ಹೇಳುತ್ತದೆ (16:70). ಅಂಥ ವೃದ್ಧಾಪ್ಯದಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಆದ್ದರಿಂದ ಇದು ಯಾರ ಪಾಪದ ಫಲವೆಂದೂ ಅಳೆಯುವ ಅಧಿಕಾರ ನಮಗಿಲ್ಲ. ಇದು ಯಾರಿಗೂ ಬರಬಹುದು, ನನಗೂ.

ನೀರು ಕೇಳಲು ಪದ ಸಿಗದ ದಿನಗಳಲ್ಲೂ ಅಮ್ಮಿ, ನಾನು ಪಕ್ಕದಲ್ಲಿ ಮೆಲ್ಲಗೆ ಫಾತಿಹಾ ಆರಂಭಿಸಿದರೆ ಜೊತೆಗೂಡುತ್ತಿದ್ದರು. ಎಳವೆಯಲ್ಲಿ ಬಾಯಿಪಾಠವಾದದ್ದು ಬಹುಕಾಲ ಉಳಿಯುತ್ತದೆ. ಮುಂದೆ ಅದೂ ಹೋಯಿತು. ಹೋದದ್ದರಿಂದ ಅವರ ಈಮಾನ್ ಕುಗ್ಗಿತೆಂದು ನಾನು ನಂಬುವುದಿಲ್ಲ. ಕೊನೆಯ ವರ್ಷ ನಾನು ಮಗ್ರಿಬ್ ಆದ ಮೇಲೆ ಅವರ ಜಾನಮಾಝನ್ನು ನನ್ನದರ ಪಕ್ಕಕ್ಕೆ ಹಾಸಿ ಕೈಹಿಡಿದು ಕೂರಿಸುತ್ತಿದ್ದೆ. ಕೆಲವೊಮ್ಮೆ ಸಜ್ದಾ ಮಾಡುತ್ತಿದ್ದರು, ಕೆಲವೊಮ್ಮೆ ಸುಮ್ಮನೆ ಅಂಚಿನ ದಾರಗಳನ್ನು ಸವರುತ್ತಾ ಕೂರುತ್ತಿದ್ದರು. ಎಷ್ಟು ರಕಅತ್ ಆಯಿತೆಂದು ನಾನು ಎಣಿಸುತ್ತಿರಲಿಲ್ಲ. ಎಣಿಸುವುದನ್ನು ಮೊದಲೇ ಬಿಟ್ಟಿದ್ದರೆ ಅವರೊಡನೆ ಇನ್ನೂ ಎಷ್ಟೋ ಸಂಜೆಗಳು ನನಗೆ ದೊರೆಯುತ್ತಿದ್ದವು.

ನಮ್ಮ ಹಿರಿಯರ ಮೌನವನ್ನು ಅರಿಯುವ ಕಿವಿಗಳನ್ನೂ, ಅವರನ್ನು ನೋಯಿಸದ ನಾಲಗೆಯನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಎಳವೆಯಲ್ಲಿ ನಮ್ಮ ತೊದಲನ್ನು ಅರ್ಥಮಾಡಿಕೊಂಡವರ ತೊದಲನ್ನು ನಾವೂ ಅರ್ಥಮಾಡಿಕೊಳ್ಳುವಂತಾಗಲಿ. ಆಮೀನ್.